ಗೆದ್ದಲಿಗೆ ರಜೆಯಿಲ್ಲ

ಕರೆಯದೆ ಮನೆಗೆ ಬರುವ ಅತಿಥಿಗಳಲ್ಲಿಯೂ ಒಂದು ಬಗೆಯ ಮರ್ಯಾದೆ ಉಂಟು. ಇಲಿ ಬಂದರೆ ನಡುರಾತ್ರಿಯಲ್ಲಿ ಅಟ್ಟದ ಮೇಲೆ ಕುಣಿದು ತನ್ನ ಆಗಮನವನ್ನು ಸಾರುತ್ತದೆ. ಇರುವೆ ಹಾಡುಹಗಲಿನಲ್ಲಿಯೇ ಸಕ್ಕರೆಯ ಡಬ್ಬಿಯವರೆಗೆ ಮೆರವಣಿಗೆ ಹೊರಡುತ್ತದೆ. ತಿಗಣೆ ಕಚ್ಚಿಯಾದರೂ ಎಚ್ಚರಿಸುತ್ತದೆ. ಜಿರಳೆಗೆ ನಾಚಿಕೆಯಿಲ್ಲವೆಂಬುದು ನಿಜವಾದರೂ, ದೀಪ ಹಾಕಿದೊಡನೆ ಓಡಿಹೋಗುವಷ್ಟು ಸಂಕೋಚವನ್ನು ಅದು ಇಂದಿಗೂ ಉಳಿಸಿಕೊಂಡಿದೆ. ಆದರೆ ಗೆದ್ದಲು ಹಾಗಲ್ಲ. ಅದು ಸದ್ದು ಮಾಡುವುದಿಲ್ಲ, ಕಚ್ಚುವುದಿಲ್ಲ, ಮುಖ ತೋರಿಸುವುದಿಲ್ಲ. ಅದು ಬಂದುಹೋದದ್ದು ನಮಗೆ ತಿಳಿಯುವ ಹೊತ್ತಿಗೆ ಸಾಮಾನ್ಯವಾಗಿ ಊಟ ಮುಗಿದಿರುತ್ತದೆ.

ನಮ್ಮ ಮನೆಯಲ್ಲಿ ಈ ಸಂಗತಿಯನ್ನು ಮೊದಲು ಕಂಡುಹಿಡಿದವಳು ನನ್ನ ಎಂಟು ವರ್ಷದ ಮಗಳು. ಕಳೆದ ಮುಂಗಾರಿನ ಆರಂಭದ ಒಂದು ಭಾನುವಾರ ನಾನು ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯ ಮುಂದೆ ಕುಳಿತಿದ್ದಾಗ ಅವಳು ಬಂದು, "ಅಪ್ಪಾ, ಗೋಡೆಯ ಮೇಲೆ ಯಾರೋ ಕಾವೇರಿ ನದಿಯನ್ನು ಬರೆದಿದ್ದಾರೆ" ಎಂದಳು. ಹೋಗಿ ನೋಡಿದೆ. ಪುಸ್ತಕದ ಕಪಾಟಿನ ಹಿಂಬದಿಯಿಂದ ಹೊರಟು, ಅಂಕುಡೊಂಕಾಗಿ ಮೇಲೇರಿ, ನಡುವೆ ಎರಡು ಉಪನದಿಗಳನ್ನು ಕೂಡಿಕೊಂಡ ಕಂದು ಬಣ್ಣದ ಮಣ್ಣಿನ ಗೆರೆಯೊಂದು ಕಿಟಕಿಯ ಚೌಕಟ್ಟನ್ನು ತಲಪಿತ್ತು. ಮಗಳ ಭೂಗೋಳಜ್ಞಾನವನ್ನು ಮೆಚ್ಚುತ್ತಲೇ ನಾನು ಅದನ್ನು ಬೆರಳಿನಿಂದ ಕೆರೆದೆ. ಒಳಗೆ ಅನ್ನದ ಅಗುಳಿನ ಬಣ್ಣದ ಹುಳುಗಳು ದಿಕ್ಕೆಟ್ಟು ಓಡಾಡತೊಡಗಿದವು. ಎರಡು ತಿಂಗಳ ಹಿಂದೆಯೇ ನನ್ನಾಕೆ ಆ ಗೆರೆಯ ಮೊದಲ ಗೇಣನ್ನು ತೋರಿಸಿದ್ದಳೆಂಬುದೂ, ಸುಣ್ಣ ಬಳಿದವರ ಅಚಾತುರ್ಯವೆಂದು ನಾನು ಅದನ್ನು ತಳ್ಳಿಹಾಕಿದ್ದೆನೆಂಬುದೂ ಆಗ ನೆನಪಿಗೆ ಬಂತು. ಅವಳಿಗೂ ಬಂದಿರಬೇಕು. ಆದರೆ ಅವಳು ಏನನ್ನೂ ಹೇಳಲಿಲ್ಲ. ಸಂಸಾರದಲ್ಲಿ ಹೇಳದೆ ಉಳಿದ ಮಾತುಗಳೇ ಹೆಚ್ಚು ಕೇಳಿಸುತ್ತವೆ.

ಕಪಾಟನ್ನು ಎಳೆದೆವು. ಗೋಡೆಗೆ ಒತ್ತಿಕೊಂಡಿದ್ದ ಅದರ ಹಿಂಬದಿಯ ಹಲಗೆ ಕೈಯಿಟ್ಟರೆ ಹಪ್ಪಳದಂತೆ ಮುರಿಯಿತು. ನನ್ನ ಪಠ್ಯಪುಸ್ತಕಗಳು, ವಿಮರ್ಶೆಯ ಗ್ರಂಥಗಳು, ಯಾರೋ ಗೌರವಪೂರ್ವಕವಾಗಿ ಕೊಟ್ಟು ನಾನು ಅಷ್ಟೇ ಗೌರವದಿಂದ ಓದದೆ ಇಟ್ಟ ಕವನಸಂಕಲನಗಳು ಬಹುಮಟ್ಟಿಗೆ ಕ್ಷೇಮವಾಗಿದ್ದವು. ಕಪಾಟಿನ ಕೆಳಗೆ, ನೆಲಕ್ಕೆ ತಾಗಿದಂತೆ ಒಂದು ಮರದ ಪೆಟ್ಟಿಗೆಯಿತ್ತು. ಅದರ ಮುಚ್ಚಳವನ್ನು ತೆರೆದಾಗ ಮಾತ್ರ ನನ್ನ ಕೈಕಾಲು ತಣ್ಣಗಾದವು. ಅದರಲ್ಲಿದ್ದುದು ನನ್ನ ತಂದೆಯವರ ಪುಸ್ತಕಗಳು.

ಅಚ್ಚಾದ ಪುಸ್ತಕಗಳಲ್ಲ. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮೇಷ್ಟರಾಗಿ ಮೂವತ್ತಾರು ವರ್ಷ ತುಮಕೂರು ಜಿಲ್ಲೆಯ ಒಣಸೀಮೆಯ ಹಳ್ಳಿಗಳಲ್ಲಿ ಕೆಲಸ ಮಾಡಿದವರು. 1978ರಲ್ಲಿ ಮೊದಲ ಊರಿಗೆ ಹೋದಾಗ, ಸಂಜೆಯ ಬೇಸರವನ್ನು ಕಳೆಯಲೆಂದು ಕುಂಬಾರರ ಮನೆಯ ಜಗುಲಿಯಲ್ಲಿ ಕುಳಿತವರು ಅವರ ಕಸುಬಿನ ಮಾತುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳತೊಡಗಿದರು. ತಿಗರಿ, ಆವಿಗೆ ಇವು ನಿಮಗೂ ನನಗೂ ಗೊತ್ತು. ಆದರೆ ತಿರುಗುವ ತಿಗರಿಯ ವೇಗ ಕುಗ್ಗುವ ಕ್ಷಣಕ್ಕೊಂದು ಹೆಸರಿದೆ, ಆವಿಗೆಯಲ್ಲಿ ಅರೆಬೆಂದ ಮಡಕೆಗೊಂದು ಹೆಸರಿದೆ ಎಂಬುದು ಪಟ್ಟಣದ ಪಂಡಿತರಿಗೆ ಎಲ್ಲಿಂದ ತಿಳಿಯಬೇಕು? ಮುಂದೆ ವರ್ಗವಾದ ಊರುಗಳಲ್ಲಿ ನೇಕಾರರು, ಗಾಣಿಗರು, ಕಮ್ಮಾರರು, ಕಪಿಲೆ ಹೊಡೆಯುವವರು, ಕಂಬಳಿ ನೇಯುವವರು, ಹೀಗೆ ಒಂದೊಂದು ಕಸುಬಿಗೆ ಒಂದೊಂದು ಪುಸ್ತಕವಾಯಿತು. ಒಟ್ಟು ಹನ್ನೊಂದು. ಪ್ರತಿಯೊಂದು ಮಾತಿನ ಎದುರಿಗೂ ಹೇಳಿದವರ ಹೆಸರು, ಊರು, ದಿನಾಂಕ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟನ್ನು ತಾಲ್ಲೂಕಿನ ಗ್ರಂಥಾಲಯದಲ್ಲಿ ಮಗುಚಿ ನೋಡಿ, ಸಿಗದ ಮಾತುಗಳ ಪಕ್ಕದಲ್ಲಿ ಕೆಂಪು ಮಸಿಯಿಂದ "ಕಿಟೆಲ್‌ನಲ್ಲಿ ಇಲ್ಲ" ಎಂದು ಬರೆಯುತ್ತಿದ್ದರು. ಹಾಗೆ ಬರೆಯುವಾಗ ಅವರ ಮುಖದಲ್ಲಿ ಮೂಡುತ್ತಿದ್ದ ಹೆಮ್ಮೆ ನನಗೆ ಚೆನ್ನಾಗಿ ನೆನಪಿದೆ.

ನಾನು ಕನ್ನಡ ಎಂ.ಎ. ಮಾಡಿ ಕೆಲಸಕ್ಕೆ ಸೇರಿದ ವರ್ಷ ಅವರು ಆ ಪೆಟ್ಟಿಗೆಯನ್ನು ನನಗೆ ಒಪ್ಪಿಸಿದರು. "ನೀನು ಕಲಿತವನು. ಶುದ್ಧಪ್ರತಿ ಮಾಡಿಸು. ಅಚ್ಚಾದರೆ ಆಗಲಿ, ಇಲ್ಲವಾದರೆ ಎಲ್ಲಿಯಾದರೂ ಒಂದು ಕಡೆ ಇರಲಿ" ಎಂದಷ್ಟೇ ಹೇಳಿದರು. ಬೇಸಿಗೆಯ ರಜೆಯಲ್ಲಿ ಮಾಡುತ್ತೇನೆಂದೆ. ಆ ಮಾತನ್ನಾಡಿದ ಮೇಲೆ ಒಂಬತ್ತು ಬೇಸಿಗೆಯ ರಜೆಗಳು ಬಂದುಹೋದವು. ಒಂದು ರಜೆಯಲ್ಲಿ ಮೌಲ್ಯಮಾಪನ, ಒಂದರಲ್ಲಿ ಮದುವೆ, ಒಂದರಲ್ಲಿ ಪ್ರಬಂಧ, ಒಂದರಲ್ಲಿ ಜ್ವರ, ಉಳಿದವುಗಳಲ್ಲಿ ಬರಿಯ ಆಲಸ್ಯ. ಗೆದ್ದಲಿಗೆ ರಜೆಯೂ ಇಲ್ಲ, ಮೌಲ್ಯಮಾಪನವೂ ಇಲ್ಲ. ಹನ್ನೊಂದರಲ್ಲಿ ಒಂಬತ್ತು ಪುಸ್ತಕಗಳು ಹೊರಗಿನಿಂದ ಪುಸ್ತಕಗಳಂತೆಯೇ ಇದ್ದವು. ತೆರೆದರೆ ಅಂಚಿನ ಚೌಕಟ್ಟು ಮಾತ್ರ; ನಡುವೆ ಮಣ್ಣು. ಕೆಂಪು ಮಸಿ ಕೆಲವೆಡೆ ಉಳಿದಿತ್ತು. "ಕಿಟೆಲ್‌ನಲ್ಲಿ ಇಲ್ಲ" ಎಂದಿತ್ತು. ಯಾವುದು ಇಲ್ಲವೆಂಬುದು ಇರಲಿಲ್ಲ.

ಇನ್ನೆರಡು ಪುಸ್ತಕಗಳೆಲ್ಲಿ? ಮೂರು ವರ್ಷದ ಹಿಂದೆ ಒಮ್ಮೆ ಉತ್ಸಾಹ ಬಂದು ಕಾಲೇಜಿಗೆ ಕೊಂಡೊಯ್ದು, ಎರಡು ಪುಟ ಪ್ರತಿ ಮಾಡಿ, ಮೇಜಿನ ಕಬ್ಬಿಣದ ಖಾನೆಯಲ್ಲಿಟ್ಟು ಮರೆತಿದ್ದೆ. ಅವು ಕ್ಷೇಮವಾಗಿದ್ದವು. ಜೋಪಾನವಾಗಿ ಇಟ್ಟವು ಹೋದವು, ಮರೆತುಬಿಟ್ಟವು ಉಳಿದವು. ಇನ್ನೂ ಲಜ್ಜೆಯ ಸಂಗತಿಯೊಂದನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕು. ನನ್ನ ಜೇಬಿನ ಫೋನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. ತಿಂದ ಮಸಾಲೆದೋಸೆಗಳ ಚಿತ್ರವಿದೆ, ನೋಡದೆ ಮರಳಿದ ಜಲಪಾತಗಳ ಹಾದಿಯ ಚಿತ್ರವಿದೆ. ಒಂದು ಪುಟಕ್ಕೆ ಎರಡು ಕ್ಷಣದಂತೆ ಒಂದೇ ಸಂಜೆಯಲ್ಲಿ ಮುಗಿಸಬಹುದಾಗಿದ್ದ ಆ ಹನ್ನೊಂದು ಪುಸ್ತಕಗಳ ಒಂದು ಪುಟದ ಚಿತ್ರವೂ ಇಲ್ಲ.

ಮರುದಿನದಿಂದ ನೆರೆಹೊರೆಯವರ ವೈದ್ಯ ಆರಂಭವಾಯಿತು. ಒಬ್ಬರು ಸೀಮೆಎಣ್ಣೆ ಸುರಿಯಲು ಹೇಳಿದರು. ಇನ್ನೊಬ್ಬರು ಬಿಸಿನೀರಿಗೆ ಉಪ್ಪು. ಮತ್ತೊಬ್ಬರು ಕರ್ಪೂರ, ಬಜೆ, ಬೇವಿನ ಸೊಪ್ಪು. ಒಬ್ಬ ಹಿರಿಯರು, ಹುತ್ತವನ್ನು ಅಗೆದು ರಾಣಿಯನ್ನು ಕೊಂದರೆ ಸಾಕು, ಸೈನ್ಯ ತಾನಾಗಿ ಚದರುತ್ತದೆ ಎಂದು ರಾಜನೀತಿಯನ್ನು ಬೋಧಿಸಿದರು. ಹುತ್ತವೆಲ್ಲಿದೆ ಎಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ನಾನು ಸೀಮೆಎಣ್ಣೆಯ ಪಕ್ಷವನ್ನು ಹಿಡಿದೆ. ಮೂರು ದಿನ ಮನೆಯೆಲ್ಲ ನಾತ. ನಾಲ್ಕನೆಯ ದಿನ ಕಾವೇರಿ ನದಿ ಒಂದು ಮಾರು ಪಕ್ಕಕ್ಕೆ ಸರಿದು ಮತ್ತೆ ಹರಿಯತೊಡಗಿತ್ತು. ಆಮೇಲೆ ಕರೆಸಿದ ಔಷಧಿಯವನೊಬ್ಬ ಬಂದು, ಗೋಡೆಯ ಮೇಲೆ ಏನನ್ನೋ ಸಿಂಪಡಿಸಿ, ಅದರ ಹೆಸರು ಕೇಳಿದರೆ "ಒಳ್ಳೆಯ ಔಷಧಿ ಸಾರ್" ಎಂದಷ್ಟೇ ಹೇಳಿ ಹಣ ಪಡೆದು ಹೋದ. ಆ ಒಳ್ಳೆಯ ಔಷಧಿಯಿಂದ ಸತ್ತದ್ದು ಕಣ್ಣಿಗೆ ಬಿದ್ದವು ಮಾತ್ರ.

ಕಡೆಗೆ ನನ್ನ ಅಜ್ಞಾನವನ್ನು ಹೊತ್ತು ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರ ಬಳಿಗೆ ಹೋದೆ. ಸಾಹಿತ್ಯದವರು ತಮ್ಮ ಕೋಣೆಗೆ ಬಂದರೆ ಅವರಿಗೆ ಎಲ್ಲಿಲ್ಲದ ಆನಂದ. "ಮೊದಲು ನಿಮ್ಮ ಶತ್ರುವಿನ ಗೋತ್ರವನ್ನು ತಿಳಿದುಕೊಳ್ಳಿ" ಎಂದು ಕುಳ್ಳಿರಿಸಿದರು.

ಗೆದ್ದಲನ್ನು ಬಿಳಿಯ ಇರುವೆ ಎನ್ನುವ ವಾಡಿಕೆಯುಂಟು. ಅದು ಇರುವೆಯಲ್ಲ. ಅದರ ರಕ್ತಸಂಬಂಧವಿರುವುದು ಜಿರಳೆಯ ಜೊತೆಗೆ. ಇರುವೆ ಅದರ ಬದ್ಧವೈರಿ. ಜಗತ್ತಿನಲ್ಲಿ ಸುಮಾರು 3000 ಜಾತಿಯ ಗೆದ್ದಲುಗಳಿವೆ. ಮನುಷ್ಯನ ಮನೆಗೆ ಕೈಹಾಕುವವು ಅವುಗಳಲ್ಲಿ ಸ್ವಲ್ಪ ಮಾತ್ರ. ಉಳಿದವು ಕಾಡಿನಲ್ಲಿ ಬಿದ್ದ ಮರವನ್ನೂ ತರಗೆಲೆಯನ್ನೂ ಮಣ್ಣಾಗಿಸುವ ಪುಣ್ಯಕಾರ್ಯದಲ್ಲಿ ತೊಡಗಿವೆ. ಅವಿಲ್ಲದಿದ್ದರೆ ಕರಡಿಗೂ ಚಿಪ್ಪುಹಂದಿಗೂ ಊಟವಿಲ್ಲ, ಕಾಡಿನ ನೆಲಕ್ಕೆ ಸಾರವಿಲ್ಲ. ನಮ್ಮ ಸೀಮೆಯಲ್ಲಿ ಹುತ್ತ ಕಟ್ಟುವ ಗೆದ್ದಲುಗಳದು ಇನ್ನೂ ವಿಚಿತ್ರ. ಅವು ಬೇಸಾಯಗಾರರು. ತಿಂದ ಮರವನ್ನೂ ಕಾಗದವನ್ನೂ ಪೂರ್ತಿ ಜೀರ್ಣಿಸಿಕೊಳ್ಳಲಾರದೆ, ಹುತ್ತದೊಳಗೆ ಜೇನುಹುಟ್ಟಿನಂಥ ತೋಟವಾಗಿ ಅದನ್ನು ಕಟ್ಟಿ, ಅದರ ಮೇಲೆ ಒಂದು ಜಾತಿಯ ಶಿಲೀಂಧ್ರವನ್ನು ಬೆಳೆಸುತ್ತವೆ. ಶಿಲೀಂಧ್ರವು ಕೊಳೆಯಿಸಿ ಮೆತ್ತಗಾಗಿಸಿದ ಮೇಲೆಯೇ ಅವುಗಳಿಗೆ ಅದು ಅನ್ನವಾಗುವುದು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ದೊಡ್ಡ ಅಣಬೆಗಳು ಈ ತೋಟದ ಫಸಲೇ. "ಹಾಗಾದರೆ ನಮ್ಮ ತಂದೆಯವರ ಪುಸ್ತಕಗಳು?" ಎಂದು ಕೇಳಿದೆ. ಮಿತ್ರರು ಸ್ವಲ್ಪ ತಡೆದು, "ಈಗ ಅಣಬೆಯ ತೋಟವಾಗಿರಬೇಕು" ಎಂದರು. ನಗಬೇಕೋ ಬೇಡವೋ ತಿಳಿಯದೆ ಇಬ್ಬರೂ ಸುಮ್ಮನಾದೆವು.

ಆಮೇಲೆ ಅವರು ಹೇಳಿದ ಸಂಗತಿಗಳು ಗೃಹಸ್ಥರಿಗೆಲ್ಲ ಉಪಯುಕ್ತವಾದವುಗಳಾದ್ದರಿಂದ ಇಲ್ಲಿ ಕೊಡುತ್ತೇನೆ.

ಗೆದ್ದಲಿನ ಮೈಚರ್ಮ ತೆಳುವು; ಒಣಗಾಳಿ ತಾಗಿದರೆ ಬದುಕುವುದಿಲ್ಲ. ಆದುದರಿಂದಲೇ ಅದು ಮಣ್ಣು, ಜೊಲ್ಲು, ಮಲಗಳನ್ನು ಕಲಸಿ ಸುರಂಗ ಕಟ್ಟಿಕೊಂಡು ಅದರೊಳಗೆ ಓಡಾಡುತ್ತದೆ. ನಾವು ಗೋಡೆಯ ಮೇಲೆ ಕಾಣುವ ಗೆರೆ ಅದರ ರಾಜಮಾರ್ಗ. ಕೆಲಸಗಾರ ಗೆದ್ದಲುಗಳು ಕುರುಡು, ಸೈನಿಕರು ಬೇರೆ, ರಾಣಿ ನೆಲದಾಳದ ಅರಮನೆಯಲ್ಲಿ ರಾಜನೊಡನೆ ಇದ್ದುಕೊಂಡು ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತಾಳೆ. ಆ ಅರಮನೆ ನಮ್ಮ ಹಿತ್ತಲಿನಲ್ಲಿಯೇ ಇರಬೇಕೆಂದಿಲ್ಲ. ಹತ್ತಾರು ಮೀಟರ್ ಆಚೆ ಇದ್ದೀತು. ಹೀಗಿರುವಾಗ ಗೋಡೆಯ ಮೇಲೆ ಸೀಮೆಎಣ್ಣೆ ಸುರಿಯುವುದೆಂದರೆ ರಸ್ತೆಯಲ್ಲಿ ನಾಲ್ಕು ಗಾಡಿಗಳನ್ನು ತಡೆದು ಊರನ್ನು ಗೆದ್ದೆನೆಂದು ತಿಳಿದಂತೆ. ಬಜೆ, ಬೇವು ಮೊದಲಾದವು ಪುಸ್ತಕದ ಸಣ್ಣಪುಟ್ಟ ಹುಳುಗಳನ್ನು ಸ್ವಲ್ಪ ದೂರವಿಟ್ಟಾವು. ನೆಲದಡಿಯಿಂದ ಬರುವ ಈ ಸೈನ್ಯವನ್ನು ತಡೆಯಲಾರವು.

ಮನೆಯಲ್ಲಿ ಮರ ಕೆಡುತ್ತಿದ್ದರೆ ಕೆಡಿಸುತ್ತಿರುವವರು ಯಾರೆಂದು ಮೊದಲು ಗುರುತಿಸಬೇಕು. ಮಣ್ಣಿನ ಗೆರೆಯಿದ್ದು, ತಟ್ಟಿದರೆ ಮರ ಟೊಳ್ಳಾಗಿ ಧ್ವನಿಸಿದರೆ ಅದು ನೆಲದ ಗೆದ್ದಲು. ಮಣ್ಣಿಲ್ಲದೆ, ಗಸಗಸೆಯಂಥ ಗಟ್ಟಿ ಕಾಳುಗಳು ಮರದ ಕೆಳಗೆ ಉದುರಿದ್ದರೆ ಮರದೊಳಗೇ ಮನೆ ಮಾಡಿಕೊಂಡಿರುವ ಒಣಮರದ ಗೆದ್ದಲು. ಚಿಕ್ಕ ಗುಂಡು ತೂತುಗಳಿಂದ ನಯವಾದ ಹಿಟ್ಟು ಉದುರುತ್ತಿದ್ದರೆ ಅದು ಗೆದ್ದಲೇ ಅಲ್ಲ, ಮರ ಕೊರೆಯುವ ದುಂಬಿ. ಮೂವರಿಗೂ ಒಂದೇ ಮದ್ದಲ್ಲ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳುಗಳು ಗೆದ್ದಲಿನ ರಾಜಕುಮಾರ ರಾಜಕುಮಾರಿಯರು. ಅವು ಹೊರಗಿನಿಂದ ಬಂದರೆ ಚಿಂತೆಯಿಲ್ಲ. ಮನೆಯ ನೆಲದ ಬಿರುಕಿನಿಂದಲೇ ಹೊರಟರೆ ಎಚ್ಚರಗೊಳ್ಳಬೇಕು. ರೆಕ್ಕೆಯ ಇರುವೆಗೂ ಇದಕ್ಕೂ ಭೇದವನ್ನು ಕಾಣುವುದು ಸುಲಭ. ಗೆದ್ದಲಿನ ನಾಲ್ಕು ರೆಕ್ಕೆಗಳೂ ಸಮನಾದ ಉದ್ದ, ಸೊಂಟ ದಪ್ಪ, ಮೀಸೆ ನೇರ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಬಾಗಿದೆ.

ಗೆರೆಯನ್ನು ಕಂಡೊಡನೆ ಪೂರ್ತಿ ಗುಡಿಸಿಹಾಕುವುದು ತಪ್ಪು. ಅದು ಎಲ್ಲಿಂದ ಹುಟ್ಟುತ್ತದೆಂಬುದನ್ನು ಗುರುತು ಮಾಡಿಕೊಳ್ಳಬೇಕು. ಒಂದೆಡೆ ಸ್ವಲ್ಪ ಮುರಿದು ಬಿಡಬೇಕು. ಒಂದೆರಡು ದಿನಗಳಲ್ಲಿ ಅದನ್ನು ಹಸಿಮಣ್ಣಿನಿಂದ ಸರಿಪಡಿಸಿದ್ದರೆ ಒಳಗೆ ಜನಸಂಚಾರವಿದೆಯೆಂದರ್ಥ. ಎಲ್ಲಕ್ಕಿಂತ ಮಿಗಿಲಾಗಿ ನೀರನ್ನು ಹುಡುಕಬೇಕು. ಗೆದ್ದಲಿಗೆ ಮರದಷ್ಟೇ ತೇವವೂ ಬೇಕು. ನಮ್ಮ ಮನೆಯಲ್ಲಿ ಕಪಾಟಿನ ಗೋಡೆಯ ಆಚೆಗೆ ಬಚ್ಚಲಿತ್ತು. ಅದರ ಕೊಳಾಯಿ ಗೋಡೆಯೊಳಗೆ ಎಷ್ಟು ಕಾಲದಿಂದ ಸೋರುತ್ತಿತ್ತೋ! ಗೆದ್ದಲನ್ನು ನಾವು ಕರೆಯಲಿಲ್ಲವೆಂದು ಮೇಲೆ ಬರೆದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇನ್ನು ವಿಷದ ಮಾತು. ಎರಡನೆಯ ಮಹಾಯುದ್ಧದ ಅನಂತರದ ದಶಕಗಳಲ್ಲಿ ಆಲ್ಡ್ರಿನ್, ಡೀಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಕ್ಲೋರ್ ಎಂಬ ಔಷಧಿಗಳು ಗೆದ್ದಲಿಗೆ ರಾಮಬಾಣವೆನಿಸಿಕೊಂಡಿದ್ದವು. ಒಮ್ಮೆ ಮಣ್ಣಿಗೆ ಬೆರೆಸಿದರೆ ಹಲವು ವರ್ಷಗಳವರೆಗೆ ಅವು ಕರಗುತ್ತಿರಲಿಲ್ಲ. ಅದೇ ಅವುಗಳ ಗುಣ, ಅದೇ ಅವುಗಳ ದೋಷ. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮನುಷ್ಯನ ಕೊಬ್ಬಿಗೆ ಸೇರಿ ಅವು ಅಲ್ಲಿಯೂ ಕರಗದೆ ಕುಳಿತವು. 2001ರಲ್ಲಿ ಸ್ಟಾಕ್‌ಹೋಮಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿಯೇ ಈ ನಾಲ್ಕೂ ಹೆಸರುಗಳಿದ್ದವು. ಆಮೇಲೆ ಅವುಗಳ ಸ್ಥಾನಕ್ಕೆ ಬಂದ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ಬಳಕೆಗಳಿಗೆ ವಿನಾಯಿತಿಯೊಡನೆ, ಅದೇ ಪಟ್ಟಿಯನ್ನು ಸೇರಿತು. ಇತ್ತೀಚಿನ ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್ ಮೊದಲಾದವುಗಳ ರೀತಿ ಬೇರೆ. ಗೆದ್ದಲಿಗೆ ಅವುಗಳ ಸುಳಿವು ಹತ್ತುವುದಿಲ್ಲ. ವಿಷ ಬೆರೆತ ಮಣ್ಣಿನಲ್ಲಿ ನಡೆದುಹೋದ ಗೆದ್ದಲು ತಕ್ಷಣ ಸಾಯದೆ, ಒಬ್ಬರ ಮೈಯನ್ನೊಬ್ಬರು ನೆಕ್ಕುವ, ಒಬ್ಬರ ಬಾಯಿಗೊಬ್ಬರು ಉಣಿಸುವ ತಮ್ಮ ಕುಲಾಚಾರದಂತೆ ಅದನ್ನು ಬಂಧುಗಳಿಗೆಲ್ಲ ಹಂಚುತ್ತದೆ.

ಎರಡನೆಯ ಸಲ ಬಂದ ತಿಳಿದ ಕೆಲಸಗಾರ ಗೋಡೆಯ ಮೇಲೆ ಏನನ್ನೂ ಚಿಮುಕಿಸಲಿಲ್ಲ. ನೆಲವೂ ಗೋಡೆಯೂ ಕೂಡುವೆಡೆಯಲ್ಲಿ ಸುಮಾರು ಅಡಿಗೊಂದರಂತೆ ಸಣ್ಣ ತೂತುಗಳನ್ನು ಕೊರೆದು, ಮದ್ದನ್ನು ನೆಲದಡಿಯ ಮಣ್ಣಿಗೆ ಇಳಿಸಿ, ತೂತುಗಳನ್ನು ಸಿಮೆಂಟಿನಿಂದ ಮುಚ್ಚಿದ. ಮದ್ದಿನ ಹೆಸರನ್ನು ಕೇಳುವ ಮೊದಲೇ ಡಬ್ಬಿಯನ್ನು ತೋರಿಸಿದ. ನೀವು ಕರೆಸುವವನ ಬಳಿ ಇಷ್ಟನ್ನು ಕೇಳಿ: ಪರವಾನಗಿಯಿದೆಯೇ, ಮದ್ದು ಯಾವುದು, ಎಷ್ಟು ವರ್ಷದ ಹೊಣೆಯನ್ನು ಬರೆದುಕೊಡುತ್ತಾನೆ. ಬಾವಿ, ನೀರಿನ ತೊಟ್ಟಿ ಸಮೀಪದಲ್ಲಿದ್ದರೆ ಮೊದಲೇ ಹೇಳಿ. ಕೆಲಸ ನಡೆಯುವಾಗ ಮಕ್ಕಳನ್ನೂ ಬಸುರಿಯರನ್ನೂ ಬೇರೆಡೆಗೆ ಕಳುಹಿಸಿ. ಮದ್ದಿನ ಖಾಲಿ ಡಬ್ಬಿಯನ್ನು ತೊಳೆದು ಬೇಳೆ ತುಂಬಿಡುವ ಮಿತವ್ಯಯ ಯಾವ ಕಾರಣಕ್ಕೂ ಬೇಡ.

ಗೃಹಿಣಿಯರು ಕತ್ತರಿಸಿಟ್ಟುಕೊಳ್ಳಬಹುದಾದ ಸೂತ್ರಗಳು ಇಷ್ಟು. ಮರದ ಕಪಾಟು ಗೋಡೆಯಿಂದ ನಾಲ್ಕು ಬೆರಳಾದರೂ ದೂರವಿರಲಿ, ಕಾಲುಗಳ ಮೇಲೆ ನಿಲ್ಲಲಿ. ಕಾಗದದ ಪೆಟ್ಟಿಗೆಗಳನ್ನು ನೆಲದ ಮೇಲೆ ಇಡಬೇಡಿ. ಸೋರುವ ಕೊಳಾಯಿಯನ್ನು ನಾಳೆಗೆ ಬಿಡಬೇಡಿ. ಹಿತ್ತಲಿನ ಗೋಡೆಗೆ ಹಳೆಯ ಮರ, ಸೌದೆ, ರಟ್ಟನ್ನು ಒರಗಿಸಬೇಡಿ. ಪುಸ್ತಕಗಳಿಗೆ ದ್ರವವಿಷವನ್ನು ಎಂದಿಗೂ ಸಿಂಪಡಿಸಬೇಡಿ; ನೆರಳಿನಲ್ಲಿ ಬಿಡಿಸಿ ಆರಿಸಿ, ಮೆತ್ತನೆಯ ಕುಂಚದಿಂದ ಮಣ್ಣನ್ನು ಝಾಡಿಸಿ. ಹುಳುವಿನ ಸಂಶಯವಿದ್ದರೆ ಒಣಗಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮಂಜು ಕಟ್ಟುವ ಪೆಟ್ಟಿಗೆಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲವನ್ನು ಬಿಚ್ಚಬೇಡಿ. ವರ್ಷಕ್ಕೆರಡು ಸಲ, ಮುಂಗಾರಿಗೆ ಮೊದಲೊಮ್ಮೆ, ದಸರೆಯ ಆಯುಧಪೂಜೆಗೆ ಮೊದಲೊಮ್ಮೆ, ಪ್ರತಿಯೊಂದು ಪುಸ್ತಕವನ್ನೂ ಕೈಯಲ್ಲಿ ಹಿಡಿದು ತೆರೆಯಿರಿ. ಓದುವ ಮನೆಯ ಪುಸ್ತಕಕ್ಕೆ ಗೆದ್ದಲು ಹತ್ತುವುದು ಕಡಿಮೆ. ಇದು ಉಪದೇಶವಲ್ಲ, ಕೈಯಾಡಿದ ಕಡೆ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಗೆದ್ದಲು ಹೋಯಿತು. ಆದರೆ ತಂದೆಯವರಿಗೆ ಹೇಳುವ ಕೆಲಸ ಉಳಿಯಿತು.

ಆ ದಿನಗಳಲ್ಲಿ ನಾನು ತರಗತಿಯಲ್ಲಿ ಹತ್ತನೆಯ ಶತಮಾನದ ಕವಿಗಳ ಪಾಠವನ್ನು ಮಾಡುತ್ತಿದ್ದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಹಂಚಿದಳೆಂಬ ವಾಕ್ಯವನ್ನು ಹತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಈ ಸಲ ಆ ವಾಕ್ಯ ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಅದೇ ಪೊನ್ನ ಬರೆದ ಭುವನೈಕರಾಮಾಭ್ಯುದಯ ನಮಗೆ ಸಿಕ್ಕಿಲ್ಲ, ಶಾಂತಿಪುರಾಣ ಸಿಕ್ಕಿದೆ. ಅವಳು ಪೋಷಿಸಿದ ರನ್ನನ ಪರಶುರಾಮಚರಿತವೂ ಸಿಕ್ಕಿಲ್ಲ. ಒಲೆಯ ಬೂದಿ, ಹೊಳೆಯ ಪ್ರವಾಹ, ಗೆದ್ದಲಿನ ಹೊಟ್ಟೆ, ಎಲ್ಲಿ ಹೋದವೋ ಯಾರು ಬಲ್ಲರು? ಮೂಡಬಿದಿರೆಯ ಬಸದಿಯಲ್ಲಿ ಕನ್ನಡ ಲಿಪಿಯ ಓಲೆಗರಿಗಳಲ್ಲಿ ಉಳಿದಿದ್ದ ಧವಲಾ ಗ್ರಂಥಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡಲು ತೊಡಗದಿದ್ದರೆ, 1939ರಿಂದ ಮುಂದೆ ಅವು ಅಚ್ಚಾಗಿ ಹೊರಬರುವ ಬಗೆ ಹೇಗಿತ್ತು? ಓಲೆಗರಿಗೆ ಎಣ್ಣೆ ಸವರಿ, ಹಲಗೆಗಳ ನಡುವೆ ಬಿಗಿದು, ಬಟ್ಟೆಯಲ್ಲಿ ಸುತ್ತಿಟ್ಟವರಿಗೆಲ್ಲ ಒಂದು ಮಾತು ಗೊತ್ತಿತ್ತು. ಎಣ್ಣೆ, ಹಲಗೆ, ಬಟ್ಟೆ ಎಲ್ಲವೂ ಕಾಲಾವಕಾಶವನ್ನು ಕೊಡುತ್ತವೆ. ಗ್ರಂಥವನ್ನು ಉಳಿಸುವುದು ಇನ್ನೊಂದು ಪ್ರತಿ ಮಾತ್ರ. ಇದನ್ನು ಬಲ್ಲವನೇ ನಾನು. ಸಾವಿರ ಪ್ರತಿಯ ಕಥೆಯನ್ನು ಹೇಳಿ ಸಂಬಳ ತೆಗೆದುಕೊಂಡವನು ಒಂದು ಪ್ರತಿ ಮಾಡಲಿಲ್ಲ.

ಆಷಾಢದಲ್ಲಿ ತಂದೆಯವರು ಬಂದರು. ಮುಚ್ಚಿಡಬಹುದೆಂದು ನಾನು, ಹೇಳಿಯೇ ತೀರಬೇಕೆಂದು ನನ್ನಾಕೆ. ಊಟವಾದ ಮೇಲೆ ಪೆಟ್ಟಿಗೆಯನ್ನು ಅವರ ಮುಂದಿಟ್ಟು ಹೇಳಿದೆ. ಅವರು ಒಂದೊಂದೇ ಪುಸ್ತಕವನ್ನು ಎತ್ತಿ, ಅಂಚುಗಳನ್ನು ಸವರಿ, ಕೆಳಗಿಟ್ಟರು. ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಒಂಬತ್ತು ವರ್ಷ" ಎಂದಷ್ಟೇ ಹೇಳಿ ಎದ್ದುಹೋದರು. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಜಗುಲಿಯಲ್ಲಿ ಅವರ ಧ್ವನಿ ಕೇಳಿ ಹೊರಗೆ ಬಂದೆ. ಮೊಮ್ಮಗಳ ಕೈಯಲ್ಲಿ ಹೊಸ ನೋಟುಪುಸ್ತಕ. ಅವರು ಹೇಳುತ್ತಿದ್ದರು, ಅವಳು ಬರೆಯುತ್ತಿದ್ದಳು. ಅಕಾರಾದಿಯಾಗಿ ಅಲ್ಲ, ಊರಿನಿಂದ ಊರಿಗೆ, ಜಗುಲಿಯಿಂದ ಜಗುಲಿಗೆ, ಯಾರು ಎಲ್ಲಿ ಕುಳಿತು ಏನು ಹೇಳಿದರೆಂಬ ಕ್ರಮದಲ್ಲಿ. ಮಾತುಗಳು ಹೋದರೂ ಅವನ್ನು ಆಡಿದವರ ಮುಖಗಳು ಅವರಲ್ಲಿ ಉಳಿದಿದ್ದವು. ಮುಖಗಳನ್ನು ಹಿಡಿದು ಮಾತುಗಳನ್ನು ಹುಡುಕುತ್ತಿದ್ದರು. ಹಾಸು, ಹೊಕ್ಕು, ಲಾಳಿ, ಹಣಿಗೆ ಎಂದು ಮಗ್ಗದ ಪುಸ್ತಕ ಸಾಗಿತ್ತು. ಒಂದು ಕಡೆ ಅವರು ತಡೆದರು. ನೇಯುವಾಗ ಹರಿದ ಎಳೆಯನ್ನು ಬೆರಳಿನಲ್ಲಿ ಹೊಸೆದು ಕೂಡಿಸುವುದಕ್ಕೆ ಆ ಊರಿನ ಮುದುಕಿಯೊಬ್ಬಳು ಹೇಳಿದ್ದ ಮಾತು. ಎರಡು ಬೆರಳುಗಳನ್ನು ಗಾಳಿಯಲ್ಲಿ ಹೊಸೆದರು. ಮತ್ತೆ ಹೊಸೆದರು. ಕೈಗೆ ನೆನಪಿತ್ತು, ನಾಲಿಗೆಗೆ ಬರಲಿಲ್ಲ. ಮಗಳು ಲೇಖನಿಯನ್ನು ಎತ್ತಿಹಿಡಿದು ಕಾಯುತ್ತಿದ್ದಳು. ಕಡೆಗೆ ತಂದೆಯವರು, "ಜಾಗ ಬಿಡು ಮಗೂ, ಆಮೇಲೆ ತುಂಬೋಣ" ಎಂದರು. ಅವಳು ಒಂದು ಗೆರೆ ಖಾಲಿ ಬಿಟ್ಟು ಮುಂದಕ್ಕೆ ಬರೆದಳು.

ಆ ಪುಸ್ತಕದಲ್ಲಿ ಈಗ ಅಂಥ ಖಾಲಿ ಗೆರೆಗಳು ಬಹಳ ಇವೆ. ಪ್ರತಿ ಸಂಜೆ ಆ ದಿನದ ಪುಟಗಳ ಚಿತ್ರವನ್ನು ತೆಗೆದು ಮೂರು ಕಡೆ ಇಡುವುದು ನನ್ನ ಪಾಲಿನ ಕೆಲಸ. ಕಬ್ಬಿಣದ ಖಾನೆಯ ಎರಡು ಪುಸ್ತಕಗಳ ಶುದ್ಧಪ್ರತಿ ಮುಗಿದಿದೆ. ಬರುವ ಭಾನುವಾರ ತಂದೆಯವರೂ ನಾನೂ ಆ ನೇಕಾರರ ಊರಿಗೆ ಹೊರಟಿದ್ದೇವೆ. ಆ ಮುದುಕಿ ಇಲ್ಲ. ಅವಳ ಮಗಳು ಇರಬಹುದೆಂದು ತಂದೆಯವರ ನಂಬಿಕೆ. ಮಗ್ಗ ಇರುವುದೋ ಇಲ್ಲವೋ ತಿಳಿಯದು.

ಓದುಗರೇ, ನಿಮ್ಮ ಮನೆಯ ಅಟ್ಟದ ಮೇಲೆಯೂ ಒಂದು ಪೆಟ್ಟಿಗೆ ಇದ್ದೀತು. ಅಜ್ಜಿಯ ಹಾಡಿನ ಪುಸ್ತಕವೋ, ತಾತನ ಲೆಕ್ಕದ ಕಡತವೋ, ಅಮ್ಮ ಬರೆದ ಕಾಗದಗಳೋ ಅದರಲ್ಲಿದ್ದಾವು. ಈ ವಾರದ ಧಾರಾವಾಹಿಯನ್ನು ಓದಿ ಮುಗಿಸಿದ ಮೇಲೆ, ದಯವಿಟ್ಟು ಇಂದೇ ಅದರ ಮುಚ್ಚಳವನ್ನು ಒಮ್ಮೆ ತೆರೆದು ನೋಡಿ. ಬೇಸಿಗೆಯ ರಜೆಗೆ ಬಿಡಬೇಡಿ.